ತಮ್ಮನ ಅಂಗಿ, ಐದು ಅಚ್ಚುಗಳು

ತಮ್ಮ ತೀರಿಕೊಂಡ ಮೇಲೆ ಕೆಲವು ತಿಂಗಳು ನಾನು ಬರೀ ಅಳುವ ಮುಖಗಳನ್ನೇ ಬಿಡಿಸಿದೆ. ಕಣ್ಣೀರು, ತೆರೆದ ಬಾಯಿ, ಎಲ್ಲೆಲ್ಲೂ ಕೆಂಪು. ಒಂದರಲ್ಲೂ ಅವನಿರಲಿಲ್ಲ. ಯಾರದೋ ದುಃಖ ನೋಡಿ ಬಿಡಿಸಿದ ಹಾಗಿತ್ತು. ಎಲ್ಲವನ್ನೂ ಕಟ್ಟಿ ಮೂಲೆಗಿಟ್ಟೆ.

ಆ ದಿನಗಳಲ್ಲಿ ಅವನ ಹಳೆಯ ಅಂಗಿಯನ್ನೇ ಹಾಕಿಕೊಳ್ಳುತ್ತಿದ್ದೆ. ತೋಳು ಉದ್ದ, ಎರಡು ಸುತ್ತು ಮಡಚಬೇಕು. ಹೊರಗೆ ಹೋಗುವಾಗಲೂ ಅದೇ. ಬಾಯಿಬಿಟ್ಟು ಹೇಳಲಾಗದ್ದನ್ನು ಅದು ಹೇಳುತ್ತಿತ್ತು. ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋ 1925ರಲ್ಲಿ ಬಸ್ ಅಪಘಾತಕ್ಕೆ ಸಿಕ್ಕವರು. ಮುಂದೆ ಬೆನ್ನಿಗೆ ಹಾಕಿಸಿಕೊಂಡ ಪ್ಲಾಸ್ಟರ್ ಕವಚಗಳ ಮೇಲೇ ಅವರು ಚಿತ್ರ ಬರೆದರು. ನೋವು ಮೈಮೇಲಿತ್ತು, ಬಣ್ಣವೂ ಅಲ್ಲಿಗೇ ಹೋಯಿತು. ಅದು ನೆನಪಾಗಿ ಅಂಗಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ.

ಅದರ ಅಚ್ಚು ತೆಗೆಯಲು ಲಿನೋ ಹಲಗೆ, ಅಂದರೆ ಉಳಿಯಿಂದ ಕೊರೆಯಬಹುದಾದ ಲಿನೋಲಿಯಂ ಹಾಳೆ, ತೆಗೆದುಕೊಂಡೆ. ಅದರಲ್ಲಿ ಕೊರೆದ ಜಾಗಕ್ಕೆ ಇಂಕು ಹತ್ತುವುದಿಲ್ಲ, ಕಾಗದದಲ್ಲಿ ಅದು ಬಿಳಿಯಾಗಿ ಉಳಿಯುತ್ತದೆ. ಸುತ್ತ ಕಪ್ಪು, ಅಂಗಿ ಮಾತ್ರ ಬಿಳಿ ಎಂದು ತೀರ್ಮಾನಿಸಿದೆ. ಅಂದರೆ ಆ ಖಾಲಿ ಜಾಗವನ್ನು ಚೂರು ಚೂರಾಗಿ ನಾನೇ ಕೊರೆಯಬೇಕು. ಹಲಗೆಯನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಮೆತ್ತಗಾಗುತ್ತದೆ. ಉಳಿ ಸದಾ ಮೈಯಿಂದ ಆಚೆಗೆ ಓಡಬೇಕು, ಇನ್ನೊಂದು ಕೈ ಅದರ ಹಿಂದಿರಬೇಕು. ಎಡಗಡೆಯ ಜೇಬನ್ನು ಬಲಕ್ಕೆ ಬರೆದುಕೊಂಡೆ, ಅಚ್ಚಿನಲ್ಲಿ ತಿರುವುಮುರುವಾಗುತ್ತದೆ ಅಲ್ವಾ? ಸಿಟ್ಟು ಬಂದ ದಿನ ಉಳಿ ಜಾರುತ್ತಿತ್ತು. ಒಂದು ಗೀರು ಕಾಲರ್ ದಾಟಿ ಕಪ್ಪಿಗೆ ನುಗ್ಗಿತು. ಅದನ್ನು ಹಾಗೇ ಬಿಟ್ಟೆ.

ಅಂಗಿಯೊಳಗೆ ಅವನನ್ನು ತೋರಿಸಬೇಕಾ ಎಂದು ತುಂಬಾ ದಿನ ಒದ್ದಾಡಿದೆ. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಮಗ 1914ರಲ್ಲಿ ಯುದ್ಧದಲ್ಲಿ ಸತ್ತ. ಅವನ ಸ್ಮಾರಕಕ್ಕೆ ಅವರು ಮೊದಲು ಯೋಚಿಸಿದ್ದು ಮಲಗಿದ ಮಗ, ಜೊತೆಗೆ ತಂದೆ ತಾಯಿ. 1932ರಲ್ಲಿ ಮುಗಿದ ಶಿಲ್ಪದಲ್ಲಿ ತಂದೆ ತಾಯಿ ಮಾತ್ರ ಮಂಡಿಯೂರಿದ್ದಾರೆ, ಮಗ ಇಲ್ಲ. ಅಷ್ಟು ವರ್ಷ ಹಿಡಿಯಿತು ಅವರಿಗೆ! ನಾನೂ ಅಂಗಿಯನ್ನು ಖಾಲಿಯೇ ಬಿಟ್ಟೆ.

ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿದೆ. ಮೊದಲ ಪ್ರತಿ ಗಾಢವಾಗಿ ಬಂತು. ಆಮೇಲೆ ಹೊಸ ಇಂಕು ಹಚ್ಚದೆ ಅದೇ ಹಲಗೆಯಿಂದ ಮತ್ತೊಂದು ತೆಗೆದೆ, ಮಗದೊಂದು. ಪ್ರತಿ ಸಲ ಕಪ್ಪು ತೆಳುವಾಯಿತು. ಐದನೆಯದರಲ್ಲಿ ಹೊಗೆಯಷ್ಟೇ ಉಳಿದಿತ್ತು. ಅಂಗಿಯ ಅಂಚು ಎಲ್ಲಿ ಎಂದು ಹುಡುಕಬೇಕು.

ಐದನ್ನೂ ಸಾಲಾಗಿ ಗೋಡೆಗೆ ಹಾಕಿದೆ. ಅಮ್ಮ ಮೊದಲಿನದರ ಹತ್ತಿರ ಹೋಗಿ ಕಾಲರ್ ಕೆಳಗೆ ಬೆರಳಿಟ್ಟರು. "ಈ ಗುಂಡಿ ನಾನು ಹೊಲಿದದ್ದು, ಬೇರೆಯವಕ್ಕಿಂತ ದೊಡ್ಡದು," ಎಂದರು. ಕೊರೆಯುವಾಗ ನಾನು ಅದನ್ನು ದೊಡ್ಡದಾಗಿಯೇ ಉಳಿಸಿದ್ದೆ.