ಊರಿನ ಇತಿಹಾಸ ಫಲಕ ಬರೆಸುವ ಮುನ್ನ

ಕೋಲಾರದಲ್ಲಿ ಪರಂಪರೆ ಫಲಕ ಹಾಕಿಸೋಣ ಅಂತ ಮಾತಾಡ್ತಿರೋರಿಗೆ ಒಂದಿಷ್ಟು ಸಲಹೆ.

ಫ್ಲೆಕ್ಸ್ ಬೇಡವೇ ಬೇಡ. ನಮ್ಮ ಬಿಸಿಲಿಗೆ ಕೆಂಪು, ಹಳದಿ ಬೇಗ ಮಾಸಿ, ಫೋಟೋದಲ್ಲಿರೋರ ಮುಖವೆಲ್ಲ ನೀಲಿ ತಿರುಗುತ್ತೆ. ಗ್ರಾನೈಟ್ ನಮ್ಮಲ್ಲೇ ಸಿಗೋವಾಗ ಅಕ್ಷರ ಕೆತ್ತಿಸಿ ಬಣ್ಣ ತುಂಬಿಸಿ. ಆದರೆ ಪಾಲಿಶ್ ಮಾಡಿಸಬೇಡಿ. ಮಧ್ಯಾಹ್ನದ ಹೊತ್ತಲ್ಲಿ ಓದೋಕೆ ಹೋದರೆ ನಿಮ್ಮ ಮುಖವೇ ಕಾಣುತ್ತೆ!

ಬರಹದ ವಿಷಯಕ್ಕೆ ಬರೋಣ. ಎಲ್ಲರೂ ಎಡವೋದು ಇಲ್ಲೇ. ಗಂಗರಿಂದ ಶುರುಮಾಡಿ ಇವತ್ತಿನ ಶಾಸಕರವರೆಗೆ ಒಂದೇ ಫಲಕದಲ್ಲಿ ತುರುಕಿದರೆ ಯಾರೂ ಓದಲ್ಲ. ಒಂದು ಫಲಕಕ್ಕೆ ಒಂದೇ ಕಥೆ, ಎಂಬತ್ತು ಪದ ಸಾಕು. ಕೆಜಿಎಫ್‌ನಲ್ಲಾದರೆ, "1902ರಲ್ಲಿ ಶಿವನಸಮುದ್ರದಿಂದ ಈ ಗಣಿಗಳಿಗೆ ವಿದ್ಯುತ್ ಬಂತು" ಅನ್ನೋದೇ ಮೊದಲ ಸಾಲಾಗಲಿ. ನಡೆದು ಹೋಗೋರು ನಿಲ್ಲೋದು ಅಂಥ ಸಾಲಿಗೇ. 2001ರಲ್ಲಿ ಗಣಿ ಮುಚ್ಚಿದ್ದನ್ನೂ ಬರೀರಿ, ಅದೂ ಇತಿಹಾಸವೇ. ಅಲ್ಲಿ ಕನ್ನಡದ ಜೊತೆ ತಮಿಳು, ತೆಲುಗಲ್ಲೂ ಎರಡು ಸಾಲು ಇದ್ದರೆ ಚೆನ್ನ. ಗಣಿಯಲ್ಲಿ ದುಡಿದ ಎಷ್ಟೋ ಮನೆಗಳ ಮಾತು ಅದು.

ಒತ್ತಕ್ಷರ ಕೂಡಿಕೊಳ್ಳದ ಹಾಗೆ ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಿ. ಕೆತ್ತೋ ಮುಂಚೆ ಪೂರ್ತಿ ಅಳತೆಯ ಪ್ರಿಂಟ್ ತೆಗೆದು ಅದೇ ಜಾಗದಲ್ಲಿ ಅಂಟಿಸಿ, ಕನ್ನಡಕ ಹಾಕೋ ಹಿರಿಯರಿಂದ ಓದಿಸಿ. ಕಲ್ಲಿನ ಮೇಲೆ ತಪ್ಪು ತಿದ್ದೋಕಾಗಲ್ಲ.

ಕೋಲಾರಮ್ಮ, ಸೋಮೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಸುತ್ತ 100 ಮೀಟರ್ ನಿರ್ಮಾಣ ನಿಷೇಧಿತ ಪ್ರದೇಶ. ಅಲ್ಲಿ ಗುಂಡಿ ತೋಡೋ ಮೊದಲು ಇಲಾಖೆಯವರನ್ನು ಕೇಳಿ, ಒಪ್ಪಿಗೆ ಬರಹದಲ್ಲೇ ತಗೊಳ್ಳಿ.