ಕ್ಯೂರಿಂಗ್ ವರ್ಕ್ಸ್, ಬಂಕ್, ಗ್ಯಾಸ್ ಗೋದಾಮುಗಳಿಗೆ ಸ್ಫೋಟನಿರೋಧಕ ಕ್ಯಾಮೆರಾ ಆರಿಸುವ ಬಗೆ

ಸ್ಫೋಟನಿರೋಧಕ ಕ್ಯಾಮೆರಾ ಎಂದರೆ ಸ್ಫೋಟವಾದರೂ ಒಡೆಯದ ಕ್ಯಾಮೆರಾ ಎಂದು ತಿಳಿದು ಅಂಗಡಿಗೆ ಹೋಗುವವರು ಬಹಳ. ಅದರ ಕೆಲಸವೇ ಬೇರೆ. ಕ್ಯಾಮೆರಾದ ಒಳಕ್ಕೆ ನುಸುಳಿದ ಅನಿಲ ಅಲ್ಲಿನ ಕಿಡಿಗೆ ಹೊತ್ತಿಕೊಂಡರೂ ಆ ಬೆಂಕಿ ಹೊರಗಿನ ಅನಿಲಕ್ಕೆ ದಾಟದಂತೆ ದಪ್ಪ ಲೋಹದ ಕವಚ ತಡೆಯುತ್ತದೆ. ಕವಚಕ್ಕೂ ಮುಚ್ಚಳಕ್ಕೂ ನಡುವಿನ ಕಿರಿದಾದ ಸಂದಿಯನ್ನು ಹಾದು ಬರುವಷ್ಟರಲ್ಲಿ ಜ್ವಾಲೆ ತಣಿದುಹೋಗುತ್ತದೆ. ಆದ್ದರಿಂದ ನೀರು ಹೋಗದ ಐಪಿ67 ಕ್ಯಾಮೆರಾವಾಗಲಿ, ಕಲ್ಲೇಟು ತಡೆಯುವ ಐಕೆ10 ಕ್ಯಾಮೆರಾವಾಗಲಿ ಆ ಗುಣಗಳಿಂದಲೇ ಸ್ಫೋಟನಿರೋಧಕವಾಗುವುದಿಲ್ಲ.

ಕೊಡಗಿನಲ್ಲಿ ದೊಡ್ಡ ರಾಸಾಯನಿಕ ಕಾರ್ಖಾನೆಗಳಿಲ್ಲದಿದ್ದರೂ ಈ ಪ್ರಶ್ನೆ ಹುಟ್ಟುವ ಜಾಗಗಳು ಸಾಕಷ್ಟಿವೆ: ಕುಶಾಲನಗರದ ಸುತ್ತಲಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು (ಒಣಗಿದ ಕಾಫಿಯ ಸಿಪ್ಪೆ ಸುಲಿದು ಬೀಜ ಹಸನು ಮಾಡುವ ಘಟಕಗಳು), ಪೆಟ್ರೋಲ್ ಬಂಕ್‌ಗಳು, ಅಡುಗೆ ಅನಿಲದ ಗೋದಾಮುಗಳು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರಿನಿಂದ ಗೋಬರ್ ಗ್ಯಾಸ್ ಮಾದರಿಯಲ್ಲಿ ಅನಿಲ ತೆಗೆಯುವ ತೋಟಗಳು. ಎಲ್ಲ ಕಡೆಯೂ ಮೊದಲು ಕೇಳಬೇಕಾದದ್ದು ಒಂದೇ. ಕ್ಯಾಮೆರಾ ಅಪಾಯದ ವಲಯದ ಒಳಗೇ ಇರಬೇಕೇ? ವಲಯದ ಆಚೆಯ ಕಂಬಕ್ಕೆ ಜೂಮ್ ಲೆನ್ಸ್ ಇರುವ ಸಾಮಾನ್ಯ ಕ್ಯಾಮೆರಾ ಹಾಕಿ ಗೋದಾಮಿನ ಬಾಗಿಲು ಕಾಣುವುದಾದರೆ, ದುಬಾರಿ ಕ್ಯಾಮೆರಾದ ಖರ್ಚೂ ಉಳಿಯುತ್ತದೆ, ಅಪಾಯವೂ ಕಡಿಮೆ. ನನ್ನ ಅಂದಾಜಿನಲ್ಲಿ ನಮ್ಮ ಊರುಗಳ ಅರ್ಧದಷ್ಟು ಕೆಲಸ ಹೀಗೆಯೇ ಮುಗಿಯಬಲ್ಲದು. ಮಾರಾಟಗಾರರು ಮಾತ್ರ ಇದನ್ನು ತಾವಾಗಿ ಹೇಳುವುದು ಅಪರೂಪ.

ಒಳಗೇ ಬೇಕೆಂದಾದರೆ ವಲಯವನ್ನು ಗುರುತಿಸಬೇಕು. ಅನಿಲ ಸದಾ ಇರುವ ಜಾಗ ವಲಯ 0, ಸಾಮಾನ್ಯ ಕೆಲಸದ ವೇಳೆ ಆಗಾಗ ಬರಬಹುದಾದದ್ದು ವಲಯ 1, ಅಪರೂಪಕ್ಕೆ, ಅದೂ ಸ್ವಲ್ಪ ಹೊತ್ತು ಮಾತ್ರ ಬರುವುದು ವಲಯ 2. ಧೂಳಿಗೆ ಇದೇ ಕ್ರಮದಲ್ಲಿ 20, 21, 22. ಅನಿಲದ ತೂಕವನ್ನೂ ಗಮನಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ, ಚರಂಡಿಯೊಳಗೆ ಹರಿದು ನಿಲ್ಲುತ್ತದೆ, ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು. ಮೀಥೇನ್ ಹಗುರವಾಗಿ ಮಾಡಿನ ಕೆಳಗೆ ಸೇರುತ್ತದೆ. ಹಾಗಾಗಿ ಗೋಬರ್ ಗ್ಯಾಸಿನ ಶೆಡ್‌ನಲ್ಲಿ ಕ್ಯಾಮೆರಾವನ್ನು ಸೂರಿನ ಮೂಲೆಗೆ ಏರಿಸುವ ಅಭ್ಯಾಸವೇ ತಪ್ಪಾಗಬಹುದು.

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅನಿಲಕ್ಕಿಂತ ಧೂಳಿನ ಕಡೆಗೆ ಲಕ್ಷ್ಯ ಬೇಕು. ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಮತ್ತು ಪಾರ್ಚ್‌ಮೆಂಟ್‌ನ (ಹಣ್ಣು ಸುಲಿದು ಒಣಗಿಸಿದ ಕಾಫಿ) ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರ, ಗಾಳಿ ಸುತ್ತಿಸಿ ಹೊಟ್ಟು ಬೇರ್ಪಡಿಸುವ ಸೈಕ್ಲೋನ್, ಹೊಟ್ಟಿನ ಕೋಣೆ ಇವೆಲ್ಲ ಸಣ್ಣ ಧೂಳು ಏಳುವ ಜಾಗಗಳು. ಗಾಳಿಯಲ್ಲಿ ತೇಲುವ ಧೂಳು ಒಮ್ಮೆಲೇ ಸಿಡಿಯಬಹುದು. ಕ್ಯಾಮೆರಾದ ಮೇಲೆ ಕುಳಿತ ಪದರವೋ ಒಳಗಿನ ಬಿಸಿಯನ್ನು ಹೊರಹೋಗಗೊಡದೆ ತಾನೇ ಮೆಲ್ಲಗೆ ಕನಲಲು ತೊಡಗಬಹುದು. ಈ ಕಾರಣಕ್ಕೆ 5 ಮಿಲಿಮೀಟರ್‌ವರೆಗಿನ ಪದರವಿದ್ದಾಗ ಕವಚದ ಗರಿಷ್ಠ ಬಿಸಿ ಆ ಪದರ ಕನಲುವ ಉಷ್ಣತೆಗಿಂತ ಕನಿಷ್ಠ 75 ಡಿಗ್ರಿ ಕೆಳಗಿರಬೇಕೆಂಬ ನಿಯಮವಿದೆ. ಅನಿಲಕ್ಕೆ ಮಾತ್ರ ಪ್ರಮಾಣೀಕರಿಸಿದ ಕ್ಯಾಮೆರಾ ಧೂಳಿಗೂ ಆಗುತ್ತದೆ ಎಂಬ ಮಾತನ್ನು ಒಪ್ಪಬೇಡಿ. ಧೂಳಿಗೆ ‘ಎಕ್ಸ್ ಟಿಬಿ’ (Ex tb) ಎಂಬ ಬೇರೆಯೇ ಗುರುತು ಇರಬೇಕು, ಅದರ ಜೊತೆಗೆ ಟಿ80 ಡಿಗ್ರಿ ಎಂಬಂತೆ ಉಷ್ಣತೆಯ ಅಂಕಿ ನೇರವಾಗಿ ಬರೆದಿರಬೇಕು. ಕಾಫಿ ಹೊಟ್ಟು ವಿದ್ಯುತ್ ಹರಿಸದ ಧೂಳಾದ್ದರಿಂದ ಅಂಥ ಧೂಳಿಗೆಂದಿರುವ ಐಐಐಬಿ (IIIB) ಗುಂಪು ಸಾಕು.

ಅನಿಲದ ಕ್ಯಾಮೆರಾದ ಫಲಕದಲ್ಲಿ ‘ಎಕ್ಸ್ ಡಿಬಿ ಐಐಬಿ ಟಿ4 ಜಿಬಿ’ (Ex db IIB T4 Gb) ಎಂಬಂಥ ಸಾಲು ಇರುತ್ತದೆ. ಡಿ ಎಂದರೆ ಜ್ವಾಲೆ ತಡೆಯುವ ಕವಚ. ಐಐಬಿ ಎಂಬುದು ಅನಿಲದ ಗುಂಪು. ಅಡುಗೆ ಅನಿಲ, ಪೆಟ್ರೋಲ್ ಆವಿ, ಮೀಥೇನ್ ಇವು ಐಐಎಗೆ ಸೇರುತ್ತವೆ, ಹೈಡ್ರೋಜನ್ ಮತ್ತು ಅಸೆಟಿಲೀನ್ ಐಐಸಿಗೆ. ಐಐಸಿ ಎಲ್ಲಕ್ಕಿಂತ ಮೇಲಿನದು, ಐಐಎ ಕೆಳಗಿನದು; ಮೇಲಿನ ಗುಂಪಿನ ಕ್ಯಾಮೆರಾವನ್ನು ಕೆಳಗಿನದಕ್ಕೆ ಬಳಸಬಹುದು, ತಿರುಗುಮುರುಗು ಮಾಡುವಂತಿಲ್ಲ. ಟಿ4 ಎಂದರೆ ಮೈಬಿಸಿ 135 ಡಿಗ್ರಿ ದಾಟದು, ಟಿ6 ಎಂದರೆ 85. ಕೊನೆಯ ಜಿಬಿ ವಲಯ 1ಕ್ಕೆ ತಕ್ಕದ್ದೆಂದು ಹೇಳುತ್ತದೆ. ಪ್ರಮಾಣಪತ್ರದ ಸಂಖ್ಯೆಯ ಕೊನೆಗೆ ‘X’ ಅಕ್ಷರವಿದ್ದರೆ ವಿಶೇಷ ಷರತ್ತುಗಳಿವೆ ಎಂದರ್ಥ. ಆ ಪುಟವನ್ನು ಕೇಳಿ ಪಡೆದು ಓದಿಯೇ ಹಣ ಕೊಡಿ. ಫಲಕದಲ್ಲಿ ಸುತ್ತಲಿನ ಉಷ್ಣತೆಯ ಮಿತಿ ಬರೆದಿಲ್ಲವೆಂದರೆ ಅದು 40 ಡಿಗ್ರಿ ಎಂದೇ ಲೆಕ್ಕ. ಮಡಿಕೇರಿಗೆ ಅದು ಸಾಕು, ಆದರೆ ಮಾರ್ಚ್ ಏಪ್ರಿಲ್‌ನಲ್ಲಿ ಕುಶಾಲನಗರದ ಶೀಟ್ ಮಾಡಿನ ಅಡಿಯಲ್ಲಿ ಸಾಲದೆ ಹೋಗಬಹುದು.

ಪೆಟ್ರೋಲಿಯಂ ಪರವಾನಗಿ ಇರುವ ಜಾಗಗಳಿಗೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ) ಸಂಸ್ಥೆಯ ಅನುಮೋದನೆ ಬೇಕು. ಯುರೋಪಿನ ಎಟೆಕ್ಸ್ ಪ್ರಮಾಣಪತ್ರ ತೋರಿಸಿ ಇದೇ ಸಾಕೆನ್ನುವವರಿದ್ದಾರೆ. ಅದು ಒಳ್ಳೆಯ ಪತ್ರವೇ, ಪೆಸೋ ಅನುಮೋದನೆಗೆ ಬದಲಿ ಮಾತ್ರ ಅಲ್ಲ. ಪತ್ರದಲ್ಲಿರುವ ಮಾದರಿಯ ಹೆಸರು ಪೆಟ್ಟಿಗೆಯ ಮೇಲಿನದಕ್ಕೆ ಅಕ್ಷರಶಃ ಹೊಂದಬೇಕು. ಬಂಕ್ ಆದರೆ ತೈಲ ಕಂಪನಿಯ ಎಂಜಿನಿಯರಿಗೆ ನಕ್ಷೆ ತೋರಿಸಿದ ಮೇಲೆಯೇ ಕೊಳ್ಳುವುದು ಲೇಸು.

ಚಿತ್ರದ ಗುಣಮಟ್ಟವನ್ನು ಎಲ್ಲರೂ ವಿಚಾರಿಸುತ್ತಾರೆ, ಮಂಜನ್ನು ಯಾರೂ ಕೇಳುವುದಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್ ನಡುವಿನ) ಮಂಜಿನಲ್ಲಿ ಲೆನ್ಸ್ ಪಕ್ಕದಲ್ಲೇ ಇರುವ ಇನ್‌ಫ್ರಾರೆಡ್ ದೀಪದ ಬೆಳಕು ಹನಿಗಳಿಗೆ ಬಡಿದು ಹಿಂದಿರುಗುವುದರಿಂದ ಪರದೆಯ ಮೇಲೆ ಬಿಳಿ ಗೋಡೆಯೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ವಲಯದ ಆಚೆ ಅಂಗಳದ ದೀಪವೊಂದನ್ನು ಹಾಕಿ, ಮಂದ ಬೆಳಕಿನಲ್ಲೂ ಕಾಣುವ ಸೆನ್ಸರ್ ಇರುವ ಕ್ಯಾಮೆರಾ ಕೊಳ್ಳುವುದು ಇದಕ್ಕೆ ಮದ್ದು. ದೀಪವನ್ನು ವಲಯದ ಒಳಗೇ ಇಡುವುದಾದರೆ ಅದಕ್ಕೂ ಪ್ರಮಾಣಪತ್ರ ಬೇಕು. ಗಾಜು ಒರೆಸುವ ವೈಪರ್ ಇದ್ದರೆ ಮಳೆಗಾಲದಲ್ಲಿ ಏಣಿ ಹತ್ತುವ ಕೆಲಸ ತಪ್ಪುತ್ತದೆ. ಗೋಬರ್ ಗ್ಯಾಸಿನ ಬಳಿ ಹೈಡ್ರೋಜನ್ ಸಲ್ಫೈಡ್ ಲೋಹವನ್ನು ತಿನ್ನುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಕವಚವನ್ನೇ ಆರಿಸಿ. ಗುಡುಗಿನ ಮಳೆಗೆ ಮುಂಚೆ ವಿದ್ಯುತ್ತಿನ ದಿಢೀರ್ ಏರಿಕೆ ತಡೆಯುವ ಸರ್ಜ್ ರಕ್ಷಕವೂ ಸರಿಯಾದ ಅರ್ಥಿಂಗೂ ಇರಲಿ.

ಒಂದು ಘಟಕದಲ್ಲಿ ನಾನು ಕಂಡದ್ದು ಹೀಗಿತ್ತು: ಕ್ಯಾಮೆರಾ ಪ್ರಮಾಣೀಕೃತ, ಪತ್ರ ಚೊಕ್ಕ, ಆದರೆ ತಂತಿ ಒಳಹೋಗುವಲ್ಲಿ ಮನೆ ವೈರಿಂಗಿನ ಪ್ಲಾಸ್ಟಿಕ್ ಗ್ಲ್ಯಾಂಡ್ (ತಂತಿಯನ್ನು ಬಿಗಿಯಾಗಿ ಹಿಡಿದು ತೂತು ಮುಚ್ಚುವ ತಿರುಪಿನ ಭಾಗ). ಅಲ್ಲಿಗೆ ಕವಚಕ್ಕೆ ಕೊಟ್ಟ ಹಣವೆಲ್ಲ ಹೊಳೆಗೆ ಹಾಕಿದಂತಾಯಿತು. ಗ್ಲ್ಯಾಂಡ್ ಕೂಡ ಅದೇ ಗುಂಪಿನ ಪ್ರಮಾಣಪತ್ರದ್ದಾಗಿರಬೇಕು, ತಂತಿಯ ದಪ್ಪಕ್ಕೆ ಹೊಂದಬೇಕು, ಅದರ ತಿರುಪಿನ ಕನಿಷ್ಠ ಐದು ಪೂರ್ಣ ಸುತ್ತುಗಳಾದರೂ (ಥ್ರೆಡ್) ಒಳಗೆ ಹಿಡಿದಿರಬೇಕು. ಬಳಸದ ತೂತಿಗೆ ಪ್ರಮಾಣೀಕೃತ ಲೋಹದ ಬಿರಡೆ ಹಾಕಬೇಕು, ಎಂಸೀಲ್ ಮೆತ್ತುವುದಲ್ಲ. ಮುಚ್ಚಳದ ಸಂದಿಯ ಮುಖಕ್ಕೆ ಬಣ್ಣ ಬಳಿಯಬಾರದು, ಉಳಿಯಿಂದ ಕೆರೆಯಬಾರದು, ಒಂದು ಬೋಲ್ಟ್ ಕಳೆದುಹೋದರೂ ಅದೇ ದರ್ಜೆಯದನ್ನೇ ತರಿಸಬೇಕು.

ಕೊಳ್ಳುವ ಪತ್ರದಲ್ಲಿಯೇ ಕ್ಯಾಮೆರಾ, ಗ್ಲ್ಯಾಂಡ್, ಜಂಕ್ಷನ್ ಬಾಕ್ಸ್ ಮೂರರ ಪ್ರಮಾಣಪತ್ರ ಸಂಖ್ಯೆಗಳನ್ನು ಬರೆಸಿ, ಪ್ರತಿಗಳನ್ನು ಕಚೇರಿಯ ಕಡತದಲ್ಲಿಡಿ. ಕೆಟ್ಟಾಗ ಊರಿನ ಸಿಸಿಟಿವಿ ಹುಡುಗನನ್ನು ಕರೆಸಿ ಮುಚ್ಚಳ ಬಿಚ್ಚಿಸಬೇಡಿ; ಕರೆಂಟ್ ತೆಗೆದು, ಫಲಕದಲ್ಲಿ ಬರೆದಷ್ಟು ನಿಮಿಷ ಕಾದು, ತಯಾರಕರು ಒಪ್ಪಿದ ತಂತ್ರಜ್ಞರೇ ತೆರೆಯಲಿ.