ಮ್ಯೂನಿಕ್‌ನಿಂದ ಕೋನಿಗ್ಸ್‌ಜೇ: ಗುಂಪು ಕಟ್ಟಿಕೊಂಡು ಒಂದು ದಿನ

ಈ ಪ್ರವಾಸದ ಲೆಕ್ಕವನ್ನು ನಾನು ಸಂಜೆಯಿಂದ ಹಿಂದಕ್ಕೆ ಹಾಕುತ್ತೇನೆ. ಕೋನಿಗ್ಸ್‌ಜೇ ಎಂದರೆ ಜರ್ಮನಿಯ ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಸರೋವರ, ಅದರ ದಕ್ಷಿಣದ ತುದಿ ಸಾಲೆಟ್. ಅಲ್ಲಿಂದ ಕೊನೆಯ ದೋಣಿ ತಪ್ಪಿದರೆ ದಡದುದ್ದಕ್ಕೆ ನಡೆದು ಬರೋಣವೆಂದರೆ ದಾರಿಯೇ ಇಲ್ಲ, ಎರಡೂ ಕಡೆ ಬಂಡೆ ನೇರವಾಗಿ ನೀರಿಗೆ ಇಳಿದಿದೆ. ಕೊನೆಯ ದೋಣಿಯ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹಾಗಾಗಿ ದೋಣಿ ಇಳಿದ ಕೂಡಲೇ ವೇಳಾಪಟ್ಟಿಯ ಫಲಕದ ಫೋಟೊ ತೆಗೆದು, ಅದಕ್ಕಿಂತ ಎರಡು ದೋಣಿ ಮೊದಲಿನದನ್ನೇ 'ನಮ್ಮ ಕೊನೆಯ ದೋಣಿ' ಎಂದು ಎಲ್ಲರಿಗೂ ಹೇಳಿಬಿಡುತ್ತೇನೆ. ಮುಂದೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ ಬಾಯಿಮಾತಲ್ಲೇ ಹೇಳಬೇಕು.

ಟಿಕೆಟ್ ವಿಷಯ. ಬಯರ್ನ್ ಟಿಕೆಟ್, ಅಂದರೆ ಬವೇರಿಯಾ ರಾಜ್ಯದ ಸ್ಥಳೀಯ ರೈಲುಗಳಿಗೆ ಒಂದು ದಿನದ ಗುಂಪು ಟಿಕೆಟ್, ಒಂದಕ್ಕೆ ಐದು ಜನ. ಆದರೆ ಇಲ್ಲಿ ಕೆಲಸದಲ್ಲಿರುವ ಹೆಚ್ಚಿನವರ ಬಳಿ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಸ್ಥಳೀಯ ರೈಲು-ಬಸ್ಸುಗಳಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದೇ ಇರುತ್ತದೆ, ಅವರನ್ನು ಎಣಿಸಬೇಡಿ. ಬೆಂಗಳೂರಿಂದ ಬಂದ ಅಪ್ಪ-ಅಮ್ಮಂದಿರು, ಅತ್ತೆ-ಮಾವಂದಿರನ್ನು ಮಾತ್ರ ಐದೈದಾಗಿ ಕೂಡಿಸಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಟಿಕೆಟ್ ಮೇಲೆ ಎಲ್ಲರ ಹೆಸರೂ ಇರಬೇಕು, ಆ ಐದು ಜನ ಒಂದೇ ರೈಲಿನಲ್ಲಿ ಹೋಗಬೇಕು. ವಾರದ ದಿನಗಳಲ್ಲಿ ಈ ಟಿಕೆಟ್ ಬೆಳಿಗ್ಗೆ 9ಕ್ಕೆ ಮೊದಲು ನಡೆಯುವುದಿಲ್ಲ, ಆಗ ಸರೋವರ ಮುಟ್ಟುವಾಗ ಮಧ್ಯಾಹ್ನ. ಅದಕ್ಕೇ ಜನಜಂಗುಳಿ ಇದ್ದರೂ ಶನಿವಾರ, 7 ಗಂಟೆ ಸುಮಾರಿನ ರೈಲು.

ಸಾಲ್ಜ್‌ಬುರ್ಗ್ ಕಡೆಯ ಬಿಆರ್‌ಬಿ ಕಂಪನಿಯ ಸ್ಥಳೀಯ ರೈಲು ಹತ್ತಿ ಫ್ರೈಲಾಸಿಂಗ್‌ನಲ್ಲಿ ಇಳಿದು ಬೆರ್ಖ್ಟೆಸ್‌ಗಾಡನ್ ರೈಲು ಹಿಡಿಯಬೇಕು. ಅದೇ ಹಳಿಯ ಮೇಲೆ ಓಡುವ ರೈಲ್‌ಜೆಟ್, ಇಸಿ ಎಂಬ ದೂರದ ರೈಲುಗಳನ್ನು ಹತ್ತಿದರೆ ಈ ಎರಡು ಟಿಕೆಟ್‌ಗಳೂ ನಡೆಯುವುದಿಲ್ಲ, ದಂಡ ಖಂಡಿತ. ಬೆರ್ಖ್ಟೆಸ್‌ಗಾಡನ್‌ನಿಂದ 841ನೇ ಬಸ್. ಎಲ್ಲ ಸೇರಿ ಸುಮಾರು ಮೂರು ಗಂಟೆ. ಬಸ್ಸಿಳಿದು ದೋಣಿಕಟ್ಟೆಗೆ ಹೋಗುವ ಅಂಗಡಿಬೀದಿಯಲ್ಲೇ ಗುಂಪು ಚದುರುವುದು. ಇಬ್ಬರನ್ನು ಮುಂದೆ ಓಡಿಸಿ ಟಿಕೆಟ್ ಸಾಲಿನಲ್ಲಿ ನಿಲ್ಲಿಸಿ, ಉಳಿದವರು ಐಸ್‌ಕ್ರೀಮ್ ಮುಗಿಸಿಕೊಂಡೇ ಬರಲಿ.

ಸಾಲೆಟ್‌ವರೆಗೆ ಹೋಗಿಬರುವ ಟಿಕೆಟ್ ಕೊಳ್ಳಿ. ಹೋಗುವಾಗ ಸಾಂಕ್ಟ್ ಬಾರ್ತೊಲೊಮೇ ಚರ್ಚಿನ ಹತ್ತಿರ ಇಳಿಯದೆ ಸೀದಾ ಸಾಲೆಟ್‌ಗೆ, ಸುಮಾರು 55 ನಿಮಿಷ. 1909ರಿಂದ ಇಲ್ಲಿ ವಿದ್ಯುತ್ ದೋಣಿಗಳೇ, ಸದ್ದಿಲ್ಲ. ನಡುದಾರಿಯಲ್ಲಿ ದೋಣಿ ನಿಲ್ಲಿಸಿ ತುತ್ತೂರಿ ಊದಿ ಪ್ರತಿಧ್ವನಿ ಕೇಳಿಸುತ್ತಾರೆ, ಆಮೇಲೆ ಭಕ್ಷೀಸಿಗೆ ಬರುತ್ತಾರೆ. ಒಂದೆರಡು ಯೂರೋ ಚಿಲ್ಲರೆ ಕೈಯಲ್ಲಿರಲಿ. ಸಾಲೆಟ್‌ಗೆ ದೋಣಿ ಓಡುವುದು ಹೆಚ್ಚುಕಡಿಮೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಚಳಿಗಾಲದಲ್ಲಿ ಚರ್ಚಿನವರೆಗೆ ಮಾತ್ರ.

ಸಾಲೆಟ್‌ನಿಂದ ಕಾಲು ಗಂಟೆ ನಡೆದರೆ ಒಬರ್‌ಜೇ ಎಂಬ ಇನ್ನೊಂದು ಚಿಕ್ಕ ಸರೋವರ. ಹಿರಿಯರು ಅಲ್ಲಿಯವರೆಗೆ ಆರಾಮಾಗಿ ಬರುತ್ತಾರೆ. ಅದರಾಚೆ ಫಿಶುಂಕೆಲ್‌ಆಲ್ಮ್ ಎಂಬ ಬೆಟ್ಟದ ಹಟ್ಟಿಯವರೆಗಿನ ಮುಕ್ಕಾಲು ಗಂಟೆಯ ದಾರಿ ಇಕ್ಕಟ್ಟು, ಮೆಟ್ಟಿಲು, ಒಂದು ಕಡೆ ನೀರು. ಮಂಡಿನೋವಿನವರನ್ನೂ ಚಪ್ಪಲಿ ಹಾಕಿದವರನ್ನೂ ಈಚೆಗೇ ಕೂರಿಸಿ, ಅವರ ಜೊತೆ ಒಬ್ಬರು ಇರಲಿ. ಮಳೆ ಬಂದಿದ್ದರೆ ಬಂಡೆ ಜಾರುತ್ತದೆ, ಆಗ ಯಾರೂ ಹೋಗದಿರುವುದೇ ಲೇಸು. ಆ ಹಟ್ಟಿಯಲ್ಲಿ ಸಿಗುವುದು ಬ್ರೆಡ್ಡು, ಚೀಸು, ಮಜ್ಜಿಗೆ. ಅಲ್ಲಿಗೆ ನಗದು ಇಟ್ಟುಕೊಳ್ಳಿ.

ಊಟಕ್ಕೆ ಪುಳಿಯೋಗರೆಯೇ ಸೈ. ಇಪ್ಪತ್ತು ಜನಕ್ಕೆ ಎರಡು ಕಿಲೋ ಸೋನಾಮಸೂರಿ. ಅನ್ನ ಉದುರುದುರಾಗಿರಲಿ, ಎಣ್ಣೆ ಮನೆಯಲ್ಲಿ ಹಾಕುವುದಕ್ಕಿಂತ ತುಸು ಹೆಚ್ಚೇ ಇರಲಿ, ಇಲ್ಲದಿದ್ದರೆ ಆ ತಂಪಿಗೆ ಅಗುಳು ಗಟ್ಟಿಯಾಗುತ್ತದೆ. ಮೊಸರನ್ನ ಬೇಡ, ಬೇಸಿಗೆಯಲ್ಲಿ ತಿನ್ನುವ ಹೊತ್ತಿಗೆ ಹುಳಿಯಾಗಿರುತ್ತದೆ. ಇದು ರಾಷ್ಟ್ರೀಯ ಉದ್ಯಾನ, ಕಸ ವಾಪಸು ತರಲು ದೊಡ್ಡ ಚೀಲ ಬೇಕು. ಡ್ರೋನ್ ಮನೆಯಲ್ಲೇ ಇರಲಿ. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ ಜಲಪಾತದ ಮೇಲಿನ ಕೊಳಕ್ಕೆ ಹುಡುಗರು ಹಟ ಹಿಡಿಯುತ್ತಾರೆ. 2019ರಲ್ಲಿ ಇಬ್ಬರು ಮುಳುಗಿ ಸತ್ತ ಜಾಗ ಅದು, 2021ರಿಂದ ಪ್ರವೇಶವೇ ಇಲ್ಲ.

ಬಾರ್ತೊಲೊಮೇಯಲ್ಲಿ ಇಳಿಯುವುದು ವಾಪಸು ಬರುವಾಗ, ಅದೂ ನಾಲ್ಕು ಗಂಟೆಯೊಳಗೆ ಆದರೆ ಮಾತ್ರ. ಸಂಜೆ ಸಾಲೆಟ್‌ನ ದೋಣಿಗಳು ತುಂಬಿಕೊಂಡೇ ಬರುತ್ತವೆ, ಇಪ್ಪತ್ತು ಜನಕ್ಕೆ ಒಟ್ಟಿಗೆ ಜಾಗ ಸಿಗುವುದಿಲ್ಲ. ಹೊತ್ತಾಗಿದ್ದರೆ ಚರ್ಚಿನ ಕೆಂಪು ಗುಮ್ಮಟಗಳನ್ನು ದೋಣಿಯಿಂದಲೇ ನೋಡಿ. ಬಯರ್ನ್ ಟಿಕೆಟ್ ಮರುದಿನ ನಸುಕಿನ 3ರವರೆಗೆ ನಡೆಯುತ್ತದೆ, ರೈಲು ಒಂದು ತಪ್ಪಿದರೂ ಗಾಬರಿಯಿಲ್ಲ.